ಒದ್ದೆಯಾಗದ ಅಕ್ಕಿ

ಸಾಂಗ್ಲಿ
ಬುಧವಾರ, ೧೪-೧೧-೧೯೩೪

ಮಾವಶಿಗೆ ನೀಲಾಳ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಎರಡು ಸಲ ಲೇಖನಿ ಎತ್ತಿ ಎರಡು ಸಲವೂ ಕೆಳಗಿಟ್ಟೆ. ಈ ಕಾಗದ ತಂದುಕೊಡುವವಳು ಕೃಷ್ಣವ್ವ, ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿರುವವಳು. ಅತ್ತೆಯ ಮಂಡಿನೋವಿನ ಔಷಧಿಗಾಗಿ ಪ್ರತಿ ಬುಧವಾರ ರೈಲಿನಲ್ಲಿ ಮಿರಜಕ್ಕೆ ಬರುತ್ತಾಳೆ. ಅವಳಿಗೆ ಓದಲು ಬಾರದು. ಟಪಾಲಿಗೆ ಹಾಕೋಣವೆಂದರೆ ಮಾವನವರ ಕಣ್ಣು ದಾಟದೆ ಈ ಮನೆಯಿಂದ ಯಾವ ಕಾಗದವೂ ಹೊರಗೆ ಹೋಗುವುದಿಲ್ಲ. ಉತ್ತರವನ್ನು ಅವಳ ಕೈಯಲ್ಲೇ ಕೊಡಿ.

ಅತ್ತೆಯ ಪುತಳಿ ಸರ, ಚಿನ್ನದ ನಾಣ್ಯ ಪೋಣಿಸಿದ್ದು, ಕಳುವಾಗಿದೆ. ದೀಪಾವಳಿಗೆ ಹಾಕಿಕೊಂಡದ್ದನ್ನು ಪಾಡ್ಯದ ಮರುದಿನ ತೆಗೆದು ಒಳಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ. ಸಂಜೆ ನೋಡಿದರೆ ಇಲ್ಲ. ಆ ಕೋಣೆಗೆ ಹೋಗಿ ಬರುವವರು ಮೂವರು: ನಾನು, ಹಬ್ಬಕ್ಕೆ ತವರಿಗೆ ಬಂದಿರುವ ನಾದಿನಿ ಸಂಗವ್ವ, ಮತ್ತು ಕೃಷ್ಣವ್ವ. ಪೆಟ್ಟಿಗೆ, ಹಾಸಿಗೆ, ಕೂಸಿನ ತೊಟ್ಟಿಲು ಎಲ್ಲ ಹುಡುಕಿ ಆಯಿತು. ನಾವು ಮೂವರೂ ಸೀರೆ ಜಾಡಿಸಿ ತೋರಿಸಿದ್ದೂ ಆಯಿತು.

ಈಗ ಅಕ್ಕಿ ಜಗಿಸುತ್ತಾರಂತೆ. ಕಸಬೆ ಡಿಗ್ರಜದಿಂದ ಸಿದರಾಯ ಎಂಬ ದೇವಋಷಿ, ಮಂತ್ರ ಹಾಕಿ ಕಳ್ಳರನ್ನು ಹಿಡಿದುಕೊಡುವವನು, ಬರುತ್ತಾನೆ. ದೀಪಾವಳಿಯ ಮುಂದಿನ ಛಟ್ಟಿ ಅಮಾವಾಸ್ಯೆಯ ದಿನ, ನಡುಹಗಲಿಗೆ, ಪಡಸಾಲೆಯಲ್ಲಿ ಎಲ್ಲರ ಎದುರು ಮಂತ್ರಿಸಿದ ಹಸಿ ಅಕ್ಕಿಯನ್ನು ಮೂವರ ಬಾಯಿಗೂ ಹಾಕುತ್ತಾನೆ. ಜಗಿದು ಬಾಳೆಯೆಲೆಯ ಮೇಲೆ ಉಗುಳಬೇಕು. ಒದ್ದೆಯಾಗಿ ಬಂದರೆ ತಪ್ಪಿಲ್ಲದವರು. ಒಣಪುಡಿಯಾಗಿ ಬಂದರೆ ಕಳ್ಳರು.

ಮಾವಶಿ, ನನ್ನ ಬಾಯಿ ನಿಮಗೆ ಗೊತ್ತು. ಅವ್ವ ಸತ್ತ ಮೇಲೆ ಅವಳ ತಂಗಿಯಾಗಿ ನನ್ನನ್ನು ಸಾಕಿದವರು ನೀವು. ಸಾಲೆಯ ತಪಾಸಣೆಗೆ ಡಿಪುಟಿ ಬಂದ ದಿನ ನಾನು ಪದ್ಯ ಹೇಳಲು ಎದ್ದು ನಿಂತು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದ್ದು ನೆನಪಿದೆಯೇ? ಹೆಣ್ಣು ನೋಡಲು ಬಂದಾಗ ಹೆಸರು ಕೇಳಿದರೆ ನಾಲಿಗೆ ಮೇಲಕ್ಕೆ ಅಂಟಿಕೊಂಡು, 'ಹುಡಿಗಿ ಮೂಗಿ ಏನ್ರಿ?' ಎಂದು ಇದೇ ಅತ್ತೆ ಕೇಳಿದ್ದರು. ನಾನು ಸರ ಮುಟ್ಟಿಲ್ಲ. ಆದರೆ ಅಷ್ಟು ಜನರೆದುರು ನನ್ನ ಬಾಯಲ್ಲಿ ಒಂದು ಹನಿ ನೀರು ಹುಟ್ಟುವುದಿಲ್ಲ.

ಇವರಿಗೆ ಹೇಳಿದೆ. 'ತಪ್ಪ ಮಾಡದಾಕಿಗೆ ಅಂಜಿಕಿ ಯಾತರದು?' ಎಂದರು. ಸಮಾಧಾನಕ್ಕೆ ಹೇಳಿದ್ದೇ ಇರಬೇಕು.

ಅತ್ತೆ ನಿನ್ನೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: 'ಯಾರ ಬಾಯಿ ಒಣಗತೈತೋ ಅವರು ಅವತ್ತ ಈ ಹೊಸ್ತಿಲಾ ದಾಟಬೇಕು. ಕೂಸು ಇಲ್ಲೇ ಇರ್ತೈತಿ.' ಹೇಳುವಾಗ ಅವರು ನೋಡುತ್ತಿದ್ದದ್ದು ಕೃಷ್ಣವ್ವನನ್ನು. ಆದರೆ ಕೃಷ್ಣವ್ವನಿಗೆ ಕೂಸಿಲ್ಲ. ಸಂಗವ್ವನಿಗೂ ಇಲ್ಲ. ಈ ಮನೆಯಲ್ಲಿರುವ ಕೂಸು ಒಂದೇ, ನನ್ನ ಎಂಟು ತಿಂಗಳ ಪಾರು.

ನಿಮ್ಮ
ನೀಲಾ

*

ಮಿರಜ
ಅದೇ ದಿನ, ಮಧ್ಯಾಹ್ನ

ಮಗಳೇ ನೀಲಾ,

ಕೃಷ್ಣವ್ವ ಔಷಧಿಯ ಬಾಟಲಿ ಮಡಿಲಲ್ಲಿಟ್ಟುಕೊಂಡು ನನ್ನ ಕಟ್ಟೆಯ ಮೇಲೆ ಕೂತಿದ್ದಾಳೆ. ಚಹಾ ಕೊಟ್ಟೆ. 'ಲಗೂನ ಬರೀರಿ ಬಾಯಾರ, ಗಾಡಿ ನಿಮ್ಮ ಸಾಲಿ ಗಂಟಿ ಕೇಳಿ ನಿಲ್ಲಾಂಗಿಲ್ಲ' ಎನ್ನುತ್ತಿದ್ದಾಳೆ. ಹಾಗಾಗಿ ಅವಸರದಲ್ಲಿ ಬರೆಯುತ್ತೇನೆ.

ಮೊದಲು ನನಗೇ ಅಲ್ಲಿಗೆ ಬಂದುಬಿಡೋಣ ಎನ್ನಿಸಿತು. ಬಂದು ಏನು ಮಾಡಲಿ? ನಿನ್ನ ಲಗ್ನದಲ್ಲಿ ನಿನ್ನ ಮಾವ ಗುರುಸಿದ್ಧಪ್ಪನವರು ಒಂದು ಮಾತು ಜೋರಾಗಿ ಕೇಳಿದ್ದಕ್ಕೆ ನನ್ನ ಕೈಯ ತಂಬಿಗೆ ಹೇಗೆ ನಡುಗಿತು ಎಂಬುದನ್ನು ನೀನೇ ನೋಡಿದ್ದೀ. ಅಂಥ ಯಜಮಾನರ ಪಡಸಾಲೆಯಲ್ಲಿ ನಿಂತು ನಾನು ವಾದಿಸಿದರೆ ನಿನಗೆ ಕೇಡೇ ಹೊರತು ಒಳಿತಿಲ್ಲ. ಈ ಹೆದರಿಕೆ ನಿನಗೆ ನಿನ್ನ ಅವ್ವನಿಂದ ಬಂದದ್ದಲ್ಲ. ನನ್ನ ಕೈಯಲ್ಲಿ ಬೆಳೆದು ಬಂದದ್ದು.

ಆದರೆ ಹದಿನಾಲ್ಕು ವರ್ಷದಿಂದ ನಲವತ್ತು ಹುಡುಗಿಯರೆದುರು ದಿನವೂ ನಿಲ್ಲುತ್ತಿದ್ದೇನೆ. ನಡುಗುವುದು ನಿಂತಿಲ್ಲ. ಅದರ ಜೊತೆ ಬಾಳುವುದನ್ನು ಮಾತ್ರ ಕಲಿತಿದ್ದೇನೆ. ಕೇಳು. ಎದೆ ಹೊಡೆದುಕೊಂಡಾಗ ಅದಕ್ಕೆ ಸುಮ್ಮನಿರು ಎಂದು ಹೇಳಬೇಡ; ಹೇಳಿದಷ್ಟೂ ಅದು ಹೆಚ್ಚು ಹೊಡೆದುಕೊಳ್ಳುತ್ತದೆ. ಉಸಿರು ಎಳೆಯುವುದರ ಕಡೆ ಲಕ್ಷ್ಯ ಬೇಡ, ಬಿಡುವುದರ ಕಡೆ ಕೊಡು. ಬಿಸಿ ಹಾಲಿನ ಕೆನೆ ಸರಿಸುವಂತೆ ಮೆಲ್ಲಗೆ, ಉದ್ದವಾಗಿ ಬಿಡು. ಎರಡೂ ಹಿಮ್ಮಡಿ ನೆಲಕ್ಕೆ ಒತ್ತಿಕೊಂಡಿರಲಿ. ನೋಡುವವರ ಮುಖ ನೋಡಬೇಡ, ಒಂದು ಕಂಬವನ್ನೋ ಗೂಟವನ್ನೋ ಹಿಡಿದುಕೊ. ಆಮೇಲೆ ಹುಣಸೆಹಣ್ಣನ್ನು ನೆನೆ. ಹೊಸ ಹುಣಸೆ, ನಾರು ಬಿಡಿಸಿದ್ದು, ಉಪ್ಪು ಹಚ್ಚಿದ್ದು. ಈ ಸಾಲು ಬರೆಯುವಾಗಲೇ ನನ್ನ ಬಾಯಲ್ಲಿ ನೀರು ಬಂತು.

ದಿನವೂ ಸ್ವಲ್ಪ ಹಸಿ ಅಕ್ಕಿ ಹಾಕಿಕೊಂಡು ರೂಢಿ ಮಾಡು. ಯಾರೂ ನೋಡದಂತೆ.

ಗಂಟೆ ಹೊಡೆಯಿತು.

ಸುಶೀಲಾ ಮಾವಶಿ

*

ಸಾಂಗ್ಲಿ
ಬುಧವಾರ, ೨೧-೧೧-೧೯೩೪

ಮಾವಶಿ,

ನೀವು ಹೇಳಿದಂತೆ ಮಾಡುತ್ತಿದ್ದೇನೆ. ಬೆಳಿಗ್ಗೆ ಅಕ್ಕಿ ಆರಿಸುವಾಗ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತೇನೆ. ಒಬ್ಬಳೇ ಇದ್ದಾಗ ಹುಣಸೆ ನೆನೆದರೆ ಸಾಕು, ಅಕ್ಕಿ ಹಾಲಿನಂತೆ ಬರುತ್ತದೆ. ಮೊದಲ ದಿನ ಖುಷಿಯಿಂದ ಪಾರುವನ್ನು ಎತ್ತಿ ತಿರುಗಿಸಿದೆ.

ಮೂರನೆಯ ದಿನ ಬಾಯಲ್ಲಿ ಅಕ್ಕಿ ಇದ್ದಾಗಲೇ ಹಿಂದಿನಿಂದ ಅತ್ತೆ ಕರೆದರು. ಬರೀ 'ನೀಲವ್ವಾ' ಎಂದು, ಮೊಸರಿನ ಗಡಿಗೆ ಎಲ್ಲಿ ಎಂದು ಕೇಳಲು. ಅಷ್ಟಕ್ಕೇ ನಾಲಿಗೆ ಚರ್ಮದಂತಾಯಿತು. ಅಕ್ಕಿ ಗಂಟಲಿಗೆ ಹತ್ತಿ ಕೆಮ್ಮಿದೆ. ಸೆರಗಿನ ಮೇಲೆ ಬಿದ್ದದ್ದು ಬಿಳಿಯ ಪುಡಿ. ಅವರು ಅದನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ. ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ನನಗೆ ಇನ್ನೂ ಕಷ್ಟ.

ಈಗ ಹೊಸ ಹೆದರಿಕೆಗಳು ಹುಟ್ಟಿಕೊಂಡಿವೆ. ಕೈ ಬೆವರಿ ಹಿತ್ತಾಳೆಯ ಸೌಟು ಜಾರುತ್ತದೆ. ಪಾರುವಿಗೆ ಹಾಲು ಕೊಡಲು ಕೂತರೆ ಅವಳ ತಲೆಯ ಕೆಳಗೆ ನನ್ನ ತೋಳು ಅದುರುತ್ತದೆ; ಕೂಸು ಮೊಲೆ ಬಿಟ್ಟು ನನ್ನ ಮುಖ ನೋಡುತ್ತದೆ. ಪದೇ ಪದೇ ನೀರು ಕುಡಿಯುತ್ತೇನೆ. 'ಯಾಕವಾ, ಹೊಳಿ ಬತ್ತಿಸಬೇಕಂತ ಮಾಡೀಯೇನ?' ಎಂದು ಸಂಗವ್ವ ನಗುತ್ತಾಳೆ. ಅವಳಿಗೆ ಇದೆಲ್ಲ ಒಂದು ಆಟ. ಅತ್ತೆ ನಗುವುದಿಲ್ಲ. 'ಕಳ್ಳ ಮನಸಿಗೆ ನೀರಡಿಕಿ ಜಾಸ್ತಿ' ಎಂದು ಗೋಡೆಗೆ ಹೇಳುತ್ತಾರೆ. ಅಂದಿನಿಂದ ಅವರೆದುರು ನೀರು ಕುಡಿಯುವುದನ್ನೂ ಬಿಟ್ಟೆ.

ಕೃಷ್ಣವ್ವ ಒಬ್ಬಳೇ ನಿಶ್ಚಿಂತೆಯಿಂದಿದ್ದಾಳೆ. 'ಅಂಜಬ್ಯಾಡ್ರಿ ಸಣ್ಣಕ್ಕಾರ, ನನ್ನ ಬಾಯಾಗ ಮೂರೂ ಹೊತ್ತು ಎಲಿ-ಅಡಿಕಿ. ಆ ಸಿದರಾಯನ ಅಕ್ಕಿ ಕೆಂಪಗ ಆಗಿ ಬರತಾವ ನೋಡ್ರಿ' ಎಂದು ನಿನ್ನೆ ಬಾವಿಯ ಹತ್ತಿರ ನನ್ನನ್ನು ನಗಿಸಿದಳು. ಇಷ್ಟು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಒಬ್ಬಳೇ ಇದ್ದಾಗ ಬರುವ ನೀರಿನಿಂದ ಏನು ಪ್ರಯೋಜನ, ಮಾವಶಿ? ಇನ್ನು ಹದಿನೈದು ದಿನ.

ನೀಲಾ

*

ಮಿರಜ
ಬುಧವಾರ, ೨೮-೧೧-೧೯೩೪

ಮಗಳೇ,

ಹೋದ ವಾರ ಕೃಷ್ಣವ್ವನನ್ನು ಬರಿಗೈಯಲ್ಲಿ ಕಳಿಸಿದೆ. ನಿನ್ನ ಕಾಗದ ಓದಿ ಏನು ಬರೆಯಬೇಕೋ ತಿಳಿಯಲಿಲ್ಲ. ಬರೆಯಬಹುದಾದ ಒಂದು ಸಂಗತಿ ಇತ್ತು, ಅದನ್ನು ಬರೆಯಲು ಒಂದು ವಾರ ಬೇಕಾಯಿತು.

ನಿನ್ನ ಕಾಕಾ, ನನ್ನ ಯಜಮಾನರು, ತೀರಿಕೊಂಡಾಗ ನೀನು ಚಿಕ್ಕವಳು. ದೊಡ್ಡ ಜ್ವರ ಬಂದು ಮನೆಮನೆಗೂ ಹೆಣ ಬೀಳುತ್ತಿದ್ದ ವರ್ಷ. ಅವರನ್ನು ಹೊರಗೆ ಕೂರಿಸಿ ವಿಭೂತಿ ಹಚ್ಚಿ ಹೂವು ಹಾಕಿದಾಗ ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಒಂದು ಹನಿಯೂ ಇಲ್ಲ. ಹೆಂಗಸರು ನನ್ನ ಭುಜ ಹಿಡಿದು ಅಲುಗಾಡಿಸಿದರು. 'ಅಳ, ಅಳವಾ' ಎಂದರು. ನನ್ನ ಮೈಯೆಲ್ಲ ಮರದ ಕೊರಡಾಗಿತ್ತು. ಹಿಂದೆ ಯಾರೋ ಅಂದರು, 'ಇಕಿಗೆ ಬಿಡಗಡಿ ಆದಾಂಗ ಆಗೇತಿ.' ಆ ಒಂದು ಮಾತು ಆ ಮನೆಯಲ್ಲಿ ಬೇರೂರಿತು. ವರ್ಷ ತುಂಬುವುದರೊಳಗೆ ನನ್ನ ಪೆಟ್ಟಿಗೆ ಗಾಡಿಗೇರಿತು. ನಾನು ಓದಲು ಆಸೆಪಟ್ಟು ಗಂಡನ ಮನೆ ಬಿಟ್ಟು ಬಂದೆ ಎಂದು ನಿನಗೆ ಹೇಳುತ್ತಿದ್ದೆನಲ್ಲ, ಅದು ಆಮೇಲೆ ಹೊಲಿದುಕೊಂಡ ಕಥೆ.

ಅತ್ತದ್ದು ಹನ್ನೊಂದು ತಿಂಗಳ ಮೇಲೆ, ಇಲ್ಲಿಯ ಬಾವಿಯಲ್ಲಿ ಕೊಡದ ಹಗ್ಗ ಕೈಜಾರಿದ್ದಕ್ಕೆ. ನೋಡಲು ಯಾರೂ ಇರಲಿಲ್ಲ.

ಮೈ ಸುಳ್ಳಾಡುವುದಿಲ್ಲ ಎಂದು ಜನ ನಂಬಿದ್ದಾರೆ. ಬಾಯಿ ಸುಳ್ಳಾಡಬಹುದು, ಬೆವರು ಸುಳ್ಳಾಡುವುದಿಲ್ಲ ಎಂದು. ನನಗೆ ಗೊತ್ತಿರುವಂತೆ ಮೈಯಷ್ಟು ಸುಳ್ಳುಬುರುಕ ಇನ್ನೊಂದಿಲ್ಲ.

ಅದಕ್ಕೇ ಮನಸ್ಸು ಗಟ್ಟಿ ಮಾಡಿ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಉಪ್ಪಿನಲ್ಲಿ ಒಣಗಿಸಿದ ನೆಲ್ಲಿಕಾಯಿಯ ಚೂರುಗಳು, ಬಟಾಣಿಯ ಅರ್ಧದಷ್ಟು. ಆ ದಿನ ಒಂದನ್ನು ಸೆರಗಿನ ಅಂಚಿನಲ್ಲಿ ಕಟ್ಟಿಕೊ. ಬಾಯಿ ಮುಕ್ಕಳಿಸಿ ಎನ್ನುತ್ತಾರೆ, ಮುಕ್ಕಳಿಸು. ಒರೆಸಿಕೊಳ್ಳುವಾಗ ದವಡೆಯ ಹಿಂದಕ್ಕೆ ಸೇರಿಸು. ನಾನೇ ನಾಲ್ಕು ಸಲ ಮಾಡಿ ನೋಡಿದ್ದೇನೆ.

ಇದು ಮೋಸ ಹೌದೋ ಅಲ್ಲವೋ ಎಂದು ನನ್ನನ್ನು ಕೇಳಬೇಡ. ಕೂಸು ನಿನ್ನ ಮಡಿಲಲ್ಲಿರಲಿ, ಅಷ್ಟೇ ನನಗೆ ಬೇಕು. ಕೃಷ್ಣವ್ವನಿಗೆ ಇದು ಕೂಸಿನ ಹೊಟ್ಟೆನೋವಿನ ಔಷಧಿ ಎಂದಿದ್ದೇನೆ. ಪಾಪ, ಮಳೆಹನಿ ಬಿದ್ದೀತೆಂದು ಬಾಟಲಿಗಿಂತ ಜೋಪಾನವಾಗಿ ಒಳಗಿಟ್ಟುಕೊಂಡಳು.

ಸುಶೀಲಾ ಮಾವಶಿ

*

ಸಾಂಗ್ಲಿ
ಶುಕ್ರವಾರ, ೭-೧೨-೧೯೩೪

ಮಾವಶಿ,

ಪಾರು ನನ್ನ ಮಡಿಲಲ್ಲಿದ್ದಾಳೆ. ಅದನ್ನು ಮೊದಲು ಬರೆಯುತ್ತೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ನೀವು ಹೆದರಬಾರದು.

ನಿನ್ನೆ ಬೆಳಗಿನಿಂದ ಮೂವರಿಗೂ ಕುಡಿಯಲು ನೀರು ಕೂಡ ಕೊಡಲಿಲ್ಲ. ಕೃಷ್ಣವ್ವನ ಎಲೆ-ಅಡಿಕೆಯ ಚೀಲವನ್ನು ಅತ್ತೆ ಕಿತ್ತು ಗೂಟಕ್ಕೆ ಹಾಕಿದರು. ಪಡಸಾಲೆಯಲ್ಲಿ ಮಾವನವರು, ಇವರು, ಅಂಗಡಿಯವರು, ಓಣಿಯ ಹಿರಿಯರು, ಬಾಗಿಲ ಆಚೆ ಹೆಂಗಸರು. ಸಿದರಾಯ ಮುದುಕ, ಕಂಬಳಿ ಹೊದ್ದವನು, ಮಾತು ಬಲು ಮೆದು. 'ಖರೇ ಮಂದಿ ಬಾಯಾಗ ಗಂಗವ್ವ ಇರ್ತಾಳ. ಕಳ್ಳನ ಬಾಯಾಗ ಬ್ಯಾಸಗಿ ಬಿಸಲ' ಎಂದು ಹಾಡಿನಂತೆ ಹೇಳಿದ.

ಮೊದಲು ಸಂಗವ್ವ. ಚುರುಮುರಿ ತಿಂದಂತೆ ಜಗಿದು ಉಗುಳಿ, ಬಾಯಿ ಒರೆಸಿಕೊಂಡು ಹೋದಳು. ಒದ್ದೆ.

ಆಮೇಲೆ ನಾನು. ಹಿಮ್ಮಡಿ ಒತ್ತಿದೆ. ಉಸಿರು ಬಿಟ್ಟೆ. ಹುಣಸೆಯೂ ನೆನಪಾಗಲಿಲ್ಲ, ಎದುರಿನ ಕಂಬವೂ ಕಾಣಲಿಲ್ಲ. ಕಿವಿಯೊಳಗೆ ಯಾರೋ ಬಟ್ಟೆ ಒಗೆಯುತ್ತಿದ್ದ ಹಾಗೆ ಸದ್ದು. ಆದರೆ ದವಡೆಯ ಹಿಂದೆ ನೆಲ್ಲಿ ಇತ್ತು. ಅದು ತನ್ನ ಕೆಲಸ ಮಾಡಿತು. ಉಗುಳಿದಾಗ ಎಲೆಯ ಮೇಲೆ ನೀರು ಹರಿಯಿತು. 'ಗಂಗವ್ವ ಇಳದಾಳ!' ಎಂದ ಸಿದರಾಯ. ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಿ ಪಾರುವನ್ನು ತಂದು ಕೈಗೆ ಕೊಟ್ಟರು. ಇವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

ಕೊನೆಗೆ ಕೃಷ್ಣವ್ವ. ನಗುನಗುತ್ತಲೇ ಬಂದು ಕೂತಳು. 'ಹಾಕ್ರಿ ಅಜ್ಜಾರ, ಹಸಿವಿ ಭಾಳ ಆಗೇತಿ' ಎಂದಳು. ಎರಡು ಸಲ ಜಗಿದಳು. ಆಮೇಲೆ ಸುತ್ತ ನೋಡಿದಳು. ಇಬ್ಬರು ದಾಟಿ ಆಗಿದೆ, ಉಳಿದವಳು ತಾನೊಬ್ಬಳೇ ಎಂಬುದು ಅವಳಿಗೆ ಹೊಳೆದದ್ದು ಆಗಲೇ ಇರಬೇಕು. ನನಗೆ ಅದು ಕಂಡಿತು. ನನಗಲ್ಲದೆ ಇನ್ನಾರಿಗೆ ಕಾಣಬೇಕು? ದವಡೆ ಖಾಲಿ ಬೀಸುಕಲ್ಲಿನಂತೆ ತಿರುಗತೊಡಗಿತು. ಹಣೆಯಲ್ಲಿ ಬೆವರು ಬಂತು, ಬಾಯಲ್ಲಿ ಬರಲಿಲ್ಲ. ಉಗುಳಲಾಗದೆ ಕೆಮ್ಮಿದಳು. ಎಲೆಯ ಮೇಲೆ, ಅವಳ ಕೆಂಪು ತುಟಿಗಳ ಮೇಲೆ, ಬಿಳಿಯ ಪುಡಿ.

ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಅವಳು ಯಾರನ್ನೂ ಬೇಡಲಿಲ್ಲ. ನನ್ನ ಕಡೆ ತಿರುಗಿ, 'ಸಣ್ಣಕ್ಕಾರ, ನೀವರ ಹೇಳ್ರಿ' ಎಂದಳು.

ನನ್ನ ಬಾಯಿ ತುಂಬ ನೀರಿತ್ತು, ಮಾವಶಿ. ಮಾತು ಬರಲಿಲ್ಲ.

ಅವಳನ್ನು ಅಂಗಡಿಯ ಅರಿಶಿನದ ಚೀಲ ಇಡುವ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಭಾನುವಾರದೊಳಗೆ ಸರ ಎಲ್ಲಿಟ್ಟಿದ್ದಾಳೆಂದು ಹೇಳದಿದ್ದರೆ ಸಂಸ್ಥಾನದ ಪೊಲೀಸ್ ಫೌಜದಾರರ ಕೈಗೆ ಕೊಡುತ್ತಾರಂತೆ. ಇವತ್ತು ಊಟ ಕೊಡಲು ಹೋದರೆ ಅವಳು ಕೇಳಿದ್ದು ಒಂದೇ: 'ಅತ್ತಿಯವರ ಔಷಧಿ ಯಾರು ತರತಾರ್ರಿ?'

ಇದನ್ನು ಮಿರಜಕ್ಕೆ ಮುಟ್ಟಿಸಿ ಎಂದು ಇವರಿಗೆ ಕೊಡುತ್ತಿದ್ದೇನೆ. ಏನು, ಯಾಕೆ ಎಂದು ಕೇಳದೆ ಅಂಗಿಯ ಒಳಗೆ ಇಟ್ಟುಕೊಂಡರು. ಏನು ಮಾಡಲಿ, ಹೇಳಿ.

ನೀಲಾ

*

ಮಿರಜ
ಅದೇ ದಿನ

ನೀಲಾ,

ನಿನ್ನ ಗಂಡ ಬಾಗಿಲ ಹೊರಗೇ ನಿಂತಿದ್ದಾನೆ. 'ಒಳಗ ಬರ್ರಿ ಕಾಡಪ್ಪ, ಕುಂದ್ರಿ' ಎಂದರೆ, 'ಇಲ್ರಿ ಮಾವಶಿ, ಅಪ್ಪಾರಿಗೆ ಅಂಗಡಿಗೆ ಹೋಗ್ತೇನಂತ ಹೇಳಿ ಬಂದೇನಿ' ಎನ್ನುತ್ತಾನೆ. ಮೂವತ್ತರ ಗಂಡಸು. ಟೊಪ್ಪಿಗೆ ತೆಗೆಯುವುದು, ಹಾಕಿಕೊಳ್ಳುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಾನೆ. 'ನೀಲಾ ಅಳಾಕ ಹತ್ತ್ಯಾಳ್ರಿ. ಗೆದ್ದ ಮ್ಯಾಲೂ ಅಳ್ತಾಳ' ಎಂದ. ಅವನಿಗೆ ನಾನು ಏನನ್ನೂ ಹೇಳಲಿಲ್ಲ.

ನೀನು ಏನು ಮಾಡಲಿ ಎಂದು ಕೇಳಿದ್ದೀ. ಸುಮ್ಮನಿರು.

ಬರೆದೆ, ನೋಡು. ಹುಡುಗಿಯರಿಗೆ ಸತ್ಯ ಹೇಳಿ ಎಂದು ಕಲಿಸುವ ಕೈಯಿಂದಲೇ ಬರೆದೆ. ನೀನು ಬಾಯಿ ಬಿಟ್ಟರೆ ಅವರು ಕೃಷ್ಣವ್ವನನ್ನು ಬಿಡುತ್ತಾರೆ ಎಂದುಕೊಂಡಿದ್ದೀಯಾ? ನೆಲ್ಲಿ ಇಟ್ಟುಕೊಂಡವಳು ಯಾಕೆ ಇಟ್ಟುಕೊಂಡಳು ಎಂದು ಕೇಳುತ್ತಾರೆ. ಸರ ಕದ್ದದ್ದಕ್ಕೇ ಎನ್ನುತ್ತಾರೆ. ಪಾರುವನ್ನು ನಿನ್ನ ಕೈಯಿಂದ ಬಿಡಿಸಿಕೊಂಡರೆ ಯಾವ ಸಂಸ್ಥಾನವೂ ತಿರುಗಿ ಕೊಡಿಸುವುದಿಲ್ಲ. ಕೃಷ್ಣವ್ವ ಗಟ್ಟಿ ಹೆಂಗಸು. ಫೌಜದಾರರು ನಾಲ್ಕು ದಿನ ಕೇಳಿ ಏನೂ ಸಿಗದೆ ಬಿಟ್ಟುಬಿಡಬಹುದು. ಬಿಡುತ್ತಾರೆ.

ನನ್ನ ಈ ಸಾಲುಗಳು ಹೇಗಿವೆ ಎಂದು ನನಗೂ ಗೊತ್ತಿದೆ. ಆದರೂ ಸುಮ್ಮನಿರು, ನನ್ನ ಮಗಳೇ. ಓದಿ ಒಲೆಗೆ ಹಾಕು.

ಸು.

*

ಸಾಂಗ್ಲಿ
ಸೋಮವಾರ, ೧೦-೧೨-೧೯೩೪

ಮಾವಶಿ,

ಒಲೆಗೆ ಹಾಕಿದೆ. ಸುಮ್ಮನಿರಲು ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಅವಳನ್ನು ಹೊರಗೆ ತಂದರು. ಅರಿಶಿನದ ಧೂಳು ಕೂತು ಮುಖ, ಕೂದಲು, ರೆಪ್ಪೆ ಎಲ್ಲ ಹಳದಿ. ಮದುವಣಗಿತ್ತಿಯ ಹಾಗೆ ಕಾಣುತ್ತಿದ್ದಳು. ಓಣಿಯ ಹುಡುಗರು ಅದನ್ನೇ ಕೂಗಿ ನಕ್ಕರು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋದರೆ ಹಳದಿ ಇನ್ನಷ್ಟು ಹರಡಿತು.

ನಾನು ಯಾವಾಗ ಎದ್ದೆನೋ ತಿಳಿಯದು. ನೀವು ಕಲಿಸಿದ ಒಂದೂ ನೆನಪಿರಲಿಲ್ಲ. ನಡುಗುತ್ತಲೇ ಒಳಗೆ ಹೋಗಿ, ಉಳಿದ ಮಂತ್ರಿಸಿದ ಅಕ್ಕಿಯನ್ನು ದೇವರ ಜಗಲಿಯಿಂದ ತಂದು, ಮಾವನವರ ಎದುರು ಬಾಯಿ ತೆರೆದು ತೋರಿಸಿ, ಹಾಕಿಕೊಂಡೆ. ನಾನು ಜಗಿಯುವ ಸದ್ದು ನನಗೇ ಕೇಳುತ್ತಿತ್ತು. ನೆಲದ ಮೇಲೆ ಉಗುಳಿದೆ. ಉಗುಳಿದೆ ಎನ್ನಬಾರದು, ಊದಿದೆ. ಹಿಟ್ಟಿನಂತೆ ಹಾರಿತು.

'ಮೊನ್ನೆ ನನ್ನ ಬಾಯಾಗ ನೆಲ್ಲಿಕಾಯಿ ಇತ್ತರಿ' ಎಂದೆ. 'ಇವತ್ತ ಇಲ್ಲ. ನಾನೂ ಕದ್ದಿಲ್ಲ, ಆಕೀನೂ ಕದ್ದಿಲ್ಲ. ಅಂಜಿಕಿ ಒಂದ ಆಗೇತಿ. ಒಂದ ಸರಕ್ಕ ಇಬ್ಬರು ಕಳ್ಳರೇನ್ರಿ?'

ಒಂದು ಗಳಿಗೆ ಮಾವನವರ ಮುಖ ಸಡಿಲಾಯಿತು. ನಾನು ನೋಡಿದೆ. ಅಷ್ಟರಲ್ಲಿ ಅತ್ತೆ ಕೇಳಿದರು: 'ನೆಲ್ಲಿಕಾಯಿ ಯಾರು ತಂದು ಕೊಟ್ಟರು?'

ನನಗೆ ಸುಳ್ಳು ಹೇಳಲು ತಿಳಿಯಲಿಲ್ಲ. ಕೃಷ್ಣವ್ವ ತಾನೇ ಹೇಳಿಬಿಟ್ಟಳು: 'ನಾನ ತಂದೇನ್ರಿ ಅವ್ವಾರ. ಕೂಸಿನ ಹೊಟ್ಟಿಗೆ ಔಷಧಿ ಅಂತ ಮಾವಶಿಯವರು ಕೊಟ್ಟಿದ್ದರು.' ಒಳ್ಳೆಯದಾಗಲೆಂದೇ ಹೇಳಿದಳು. 'ಹಾಂ' ಎಂದರು ಅತ್ತೆ. 'ಹಂಗಾರ ಇಬ್ಬರೂ ಕೂಡೇ ಮಾಡೀರಿ. ಒಬ್ಬಾಕಿ ತಗದಾಳ, ಒಬ್ಬಾಕಿ ಮುಚ್ಚ್ಯಾಳ.'

ಬುಧವಾರ ಹನ್ನೊಂದು ಗಂಟೆಗೆ ಓಣಿಯ ಐವರು ಹಿರಿಯರು ಕೂಡುತ್ತಾರೆ. ನಮ್ಮಿಬ್ಬರದೂ ಅಂದೇ ತೀರ್ಮಾನ. ಅಲ್ಲಿಯವರೆಗೆ ಪಾರು ಸಂಗವ್ವನ ಹತ್ತಿರ. ಆಕಳ ಹಾಲು ಕುಡಿಸುತ್ತಿದ್ದಾರೆ. ಗೋಡೆಯ ಆಚೆಯಿಂದ ಅಳುವುದು ಕೇಳಿಸಿದರೆ ನನ್ನ ಕುಪ್ಪಸ ಒದ್ದೆಯಾಗುತ್ತದೆ. ಇವರು ಅತ್ತೆಯ ಎದುರು ನಿಂತು, 'ಅವ್ವಾ, ಕೂಸರ...' ಎಂದರು. ಅಷ್ಟೇ ಹೇಳಲಾಯಿತು. ಇವರ ಬಾಯೂ ಒಣಗುತ್ತದೆ ಎಂದು ನನಗೆ ಈಗ ತಿಳಿಯಿತು.

ನಿಮ್ಮ ಮಾತು ಮೀರಿದೆ. ನೀವು ಹೇಳಿದಂತೆಯೇ ಆಯಿತು. ಆದರೂ ಶುಕ್ರವಾರ ಅವಳಿಗೆ ಊಟ ಕೊಡಲು ಹೋಗಿ ನೆಲ ನೋಡುತ್ತ ನಿಂತಿದ್ದೆ. ನಿನ್ನೆ ಸಂಜೆ ಅವಳ ಮುಖ ನೋಡಿ ರೊಟ್ಟಿ ಕೊಟ್ಟೆ.

ನೀಲಾ

*

ಮಿರಜ
ಮಂಗಳವಾರ, ೧೧-೧೨-೧೯೩೪

ನೀಲಾ,

ಈ ಕಾಗದವನ್ನು ಕಾಡಪ್ಪನ ಕೈಯಲ್ಲೇ ಕೊಡುತ್ತಿದ್ದೇನೆ. ಇವತ್ತು ಅವನು ಒಳಗೆ ಬಂದು ಕೂತ. ನಾನು ಎಲ್ಲವನ್ನೂ ಹೇಳಿದೆ: ನೆಲ್ಲಿ, ಹುಣಸೆ, ನಿನ್ನ ನಾಲ್ಕು ಕಾಗದ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, 'ನಾನೂ ಆಕಿಗೆ ಅಂಜಿಕಿ ಯಾತರದು ಅಂದಿದ್ದೇನ್ರಿ' ಎಂದ.

ನಾಳೆ ಬೆಳಗಿನ ಗಾಡಿಗೆ ನಾನು ಬರುತ್ತೇನೆ. ಸಾಲೆಗೆ ರಜೆಯ ಅರ್ಜಿ ಬರೆದುಕೊಟ್ಟೆ. ಕಾರಣ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ 'ಪ್ರಕೃತಿ ಸ್ವಸ್ಥವಿಲ್ಲ' ಎಂದು ಬರೆದೆ. ಸುಳ್ಳೇನಲ್ಲ. ನಿನ್ನೆಯಿಂದ ಅನ್ನ ಇಳಿಯುತ್ತಿಲ್ಲ.

ಐವರು ಹಿರಿಯರ ಎದುರು ಎರಡು ಕೆಲಸ ಮಾಡುತ್ತೇನೆ. ಪೊಟ್ಟಣ ಕೊಟ್ಟವಳು ನಾನು, ಕೃಷ್ಣವ್ವನಿಗೆ ಸುಳ್ಳು ಹೇಳಿದವಳೂ ನಾನು ಎಂದು ಹೇಳುತ್ತೇನೆ. ಆಮೇಲೆ ಆ ಅಕ್ಕಿಯನ್ನು ನನಗೂ ಕೊಡಿ ಎನ್ನುತ್ತೇನೆ. ನಿನ್ನ ಲಗ್ನದ ದಿನದ ಮೇಲೆ ನಾನು ಆ ಹೊಸ್ತಿಲು ತುಳಿದಿಲ್ಲ. ಎರಡು ವರ್ಷದಿಂದ ನಿನ್ನ ಅತ್ತೆ ಅದನ್ನೇ ಆಡಿ ತೋರಿಸುತ್ತಿದ್ದಾರಲ್ಲ, ನಾಳೆ ಅದಕ್ಕೆ ಅವರೇ ಸಾಕ್ಷಿ. ಒಳಕೋಣೆಯ ಪೆಟ್ಟಿಗೆ ಯಾವ ಗೋಡೆಗಿದೆ ಎಂಬುದೂ ನನಗೆ ಗೊತ್ತಿಲ್ಲ. ಆದರೂ ನನ್ನ ಬಾಯಿ ಒಣಗುತ್ತದೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಗುರುಸಿದ್ಧಪ್ಪನವರು ಕೆಮ್ಮಿದರೆ ಸಾಕು.

ಹಾಗಾದರೆ ನೀವು ಮೂವರೂ ಕೂಡಿದ್ದೀರಿ ಎನ್ನಬಹುದು. ಅನ್ನಲಿ. ಆಗ ಐವರಿಗೂ ಒಂದೊಂದು ತುತ್ತು ಕೊಟ್ಟು, ಓಣಿಯ ಮಂದಿಯೆಲ್ಲ ತಮ್ಮ ಬಾಯನ್ನೇ ನೋಡುತ್ತಿರುವಾಗ ಜಗಿಯಿರಿ ಎನ್ನುತ್ತೇನೆ. ಇದನ್ನು ಹೇಳುವಷ್ಟು ದನಿ ಹೊರಡದಿದ್ದರೆ ಇರಲಿ ಎಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಚೀಟಿ ಹಿಡಿದ ಕೈ ನಡುಗಿದರೆ ತಾನು ಓದುತ್ತೇನೆ ಎಂದು ಕಾಡಪ್ಪ ಹೇಳಿದ. ಅವನ ದನಿಯೂ ಹೊರಡುವುದೋ ಇಲ್ಲವೋ, ನೋಡೋಣ.

ಇಷ್ಟು ವರ್ಷ ಹೆದರಿಕೆಯನ್ನು ಹೇಗೆ ಮುಚ್ಚಿಡುವುದು ಎಂಬುದೊಂದನ್ನೇ ನಾನು ಕಲಿತೆ, ಅದನ್ನೇ ನಿನಗೂ ಕಲಿಸಿದೆ. ನಾಳೆ ಮುಚ್ಚುವುದಿಲ್ಲ. ಹಾಗೆಂದು ಧೈರ್ಯ ಬಂದಿದೆ ಎಂದುಕೊಳ್ಳಬೇಡ. ಈ ಸಾಲುಗಳು ಓರೆಯಾಗಿರುವುದು ನಿನಗೆ ಕಾಣುತ್ತಿದೆಯಲ್ಲ.

ಈಗಲೇ ನಾಲಿಗೆ ಮೇಲಕ್ಕೆ ಅಂಟಿಕೊಂಡಿದೆ. ಪಕ್ಕದಲ್ಲೇ ತುಂಬಿದ ತಂಬಿಗೆ ಇದೆ. ಅದನ್ನು ಮುಟ್ಟುವುದಿಲ್ಲ.

ನಿನ್ನ
ಸುಶೀಲಾ ಮಾವಶಿ